ಎಲೆ ಉದುರಿದ ಮರಕ್ಕೆ ಬರುವ ನೆಂಟರು

ಶಿವರಾತ್ರಿ ಬಂತೆಂದರೆ ಚಳಿ 'ಶಿವ ಶಿವಾ' ಎನ್ನುತ್ತ ಓಡುತ್ತದೆ ಎಂಬುದು ಹಿರಿಯರ ಮಾತು. ಅದೇ ಹೊತ್ತಿಗೆ ವಾರ್ಷಿಕ ಪರೀಕ್ಷೆಯೂ ಹತ್ತಿರ ಬಂದಿರುತ್ತದೆ. ಮಕ್ಕಳು ಪುಸ್ತಕದ ಮುಂದೆ, ತಂದೆತಾಯಿ ಮಕ್ಕಳ ಹಿಂದೆ. ಹಕ್ಕಿಗಳನ್ನು ನೋಡಲು ಬಲು ಸುಲಭವಾದ ದಿನಗಳು ಹೀಗೆ ಯಾರ ಗಮನಕ್ಕೂ ಬಾರದೆ ಕಳೆದುಹೋಗುತ್ತವೆ.

ಸುಲಭ ಏಕೆಂದರೆ, ಹಕ್ಕಿಯನ್ನು ಮರೆಮಾಡಲು ಹಲವು ಮರಗಳಲ್ಲಿ ಆಗ ಎಲೆಯೇ ಇರುವುದಿಲ್ಲ. ಮುತ್ತುಗ, ಬೂರುಗಗಳು ಎಲೆ ಉದುರಿಸಿ ಬರಿಗೊಂಬೆಯ ತುಂಬ ಕೆಂಡದಂಥ ಹೂ ಬಿಡುತ್ತವೆ. ಬೆಳಿಗ್ಗೆ ಏಳರ ಹೊತ್ತಿಗೆ ಇಂಥ ಮರದಡಿ ನಿಂತರೆ ಗೊರವಂಕ, ಪಿಕಳಾರ, ಸೂರಕ್ಕಿ, ಕಾಗೆ, ಅಳಿಲು ಮಕರಂದದ ಊಟಕ್ಕೆ ಬಂದಿರುವುದು ಕಾಣುತ್ತದೆ. ಹಕ್ಕಿಯ ಹಣೆಗೆ ಅಂಟಿದ ಪರಾಗ ಇನ್ನೊಂದು ಹೂವಿಗೆ ಸಾಗುತ್ತದೆ. ಊಟಕ್ಕೆ ಮರ ಕೇಳುವ ಬೆಲೆ ಅಷ್ಟೆ.

ಗೊರವಂಕಗಳ ನಡುವೆ ತಲೆ, ರೆಕ್ಕೆ, ಬಾಲ ಕಪ್ಪಾಗಿ, ಬೆನ್ನು, ಹೊಟ್ಟೆ ತಿಳಿಗುಲಾಬಿಯಾಗಿರುವ ಹಕ್ಕಿಗಳ ಗುಂಪು ಕಂಡರೆ ಅವು ಗುಲಾಬಿ ಕಬ್ಬಕ್ಕಿಗಳು. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡುವ ಇವು ಏಪ್ರಿಲ್ ಹೊತ್ತಿಗೆ ಹೊರಟುಬಿಡುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆ ಹೆಬ್ಬಾತುಗಳೂ ಹಿಮಾಲಯ ದಾಟಿ ಮರಳುವ ಕಾಲವಿದು.

ಊರಲ್ಲೇ ಉಳಿಯುವ ಹಕ್ಕಿಗಳಿಗೆ ಇದು ಸಂಸಾರ ಹೂಡುವ ಸಮಯ. ಚಳಿಯಲ್ಲಿ ಹೆಚ್ಚು ದನಿಯೆತ್ತದ ಕೋಗಿಲೆ ಕೂಗತೊಡಗುತ್ತದೆ. 'ಕುಹೂ' ಎನ್ನುವುದು ಕಪ್ಪು ಮೈಯ ಗಂಡು. ಹೆಣ್ಣು ಬಿಳಿ ಚುಕ್ಕೆಗಳ ಕಂದು ಹಕ್ಕಿ. ಪಾತ್ರೆ ಬಡಿದಂತೆ 'ಟುಕ್ ಟುಕ್' ಎಂದು ಕೇಳಿದರೆ ಅದು ಕಂಚುಗಾರ ಹಕ್ಕಿ. ಗುಬ್ಬಿಗಿಂತ ತುಸು ದಪ್ಪ, ಹಸಿರು ಮೈ, ಹಣೆಯಲ್ಲಿ ಕುಂಕುಮದ ಕೆಂಪು. ಒಣಕೊಂಬೆಯಲ್ಲಿ ತೂತು ಕೊರೆದು ಅದು ಮೊಟ್ಟೆಯಿಡುತ್ತದೆ. ಅಂಗಳದ ಮರದ ಒಣಕೊಂಬೆ ಕಡಿಸುವ ಮೊದಲು ಹಿರಿಯರು ಒಮ್ಮೆ ತಲೆಯೆತ್ತಿ ನೋಡುವುದು ಒಳ್ಳೆಯದು. ಕೊಂಬೆಯ ತಳಭಾಗದಲ್ಲಿ ದುಂಡನೆಯ ತೂತಿದ್ದರೆ ಅದೊಂದು ಮನೆ. ಯಾರ ಮೇಲೂ ಬೀಳುವ ಭಯವಿಲ್ಲದಿದ್ದರೆ, ಮರಿಗಳು ಹಾರಿಹೋಗುವ ತನಕ ಬಿಟ್ಟರೆ ನಷ್ಟವೇನು?

ಇದನ್ನೆಲ್ಲ ನೋಡಲು ಎಷ್ಟು ಹೊತ್ತು ಬೇಕು? 1998ರಲ್ಲಿ ಆರಂಭವಾಗಿ, 2013ರಿಂದ ಭಾರತದಲ್ಲೂ ನಡೆಯುತ್ತಿರುವ ಫೆಬ್ರುವರಿಯ ನಾಲ್ಕು ದಿನಗಳ ಹಿತ್ತಿಲ ಹಕ್ಕಿಗಣತಿ ಒಂದು ಸಲಕ್ಕೆ ಕೇಳುವುದು 15 ನಿಮಿಷ ಮಾತ್ರ. ಯಾವ ಹಕ್ಕಿ, ಎಷ್ಟು ಎಂದು ಬರೆದರಾಯಿತು. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿ 942 ಜಾತಿಗಳನ್ನು ಅಳೆದದ್ದು ಸುಮಾರು 30,000 ಹವ್ಯಾಸಿಗಳು ಬರೆದಿಟ್ಟ ಇಂಥ ಪಟ್ಟಿಗಳಿಂದಲೇ. ಅವರಲ್ಲಿ ವಿದ್ಯಾರ್ಥಿಗಳೂ ಇದ್ದರು.

ಒಂದು ಕಿವಿಮಾತು. ಹಕ್ಕಿ ಬಂದ ದಿನ ಎಲ್ಲರಿಗೂ ಕಾಣುತ್ತದೆ; ಹೋದ ದಿನ ಯಾರಿಗೂ ಕಾಣುವುದಿಲ್ಲ. ದಿನವೂ ತಾರೀಖು ಹಾಕಿ ಬರೆದವರಿಗಷ್ಟೇ ಅದು ತಿಳಿಯುತ್ತದೆ. ಗಣಿತದ ಎರಡು ಲೆಕ್ಕಗಳ ನಡುವೆ 15 ನಿಮಿಷ ಮರದಡಿ ನಿಂತ ಮಗುವಿನ ಅಂಕವೇನೂ ಕಡಿಮೆಯಾಗದು. ಜೊತೆಗೆ ಅಪ್ಪನೋ ಅಮ್ಮನೋ ನಿಂತರಂತೂ ಪರೀಕ್ಷೆಯ ಭಯವೂ ಚಳಿಯಂತೆಯೇ ಓಡೀತು.