ಮಡಗಾಸ್ಕರ್ ಬಂಡೆಯ ವಯಸ್ಸು ಕಟ್ಟಿಕೊಂಡು ನಮಗೇನಾಗಬೇಕು?

2025ರ ಸೆಪ್ಟೆಂಬರ್ ಕೊನೆಯಲ್ಲಿ ಮಡಗಾಸ್ಕರ್ ರಾಜಧಾನಿ ಅಂಟನನರಿವೋದಲ್ಲಿ ಯುವಜನ ಬೀದಿಗಿಳಿದರು. ಕೇಳಿದ್ದು ದೊಡ್ಡದೇನಲ್ಲ: ನಲ್ಲಿಯಲ್ಲಿ ನೀರು, ಮನೆಯಲ್ಲಿ ಕರೆಂಟು. ಅಕ್ಟೋಬರ್ ಮಧ್ಯದ ಹೊತ್ತಿಗೆ ಅಧ್ಯಕ್ಷ ಆಂಡ್ರಿ ರಾಜೋಲಿನಾ ದೇಶ ಬಿಟ್ಟಿದ್ದರು, ಸೇನೆ ಅಧಿಕಾರ ಹಿಡಿದಿತ್ತು. ನಮ್ಮಲ್ಲಿ ಆ ದ್ವೀಪದ ಸುದ್ದಿ ಅಲ್ಲಿಗೇ ಮುಗೀತು.

ಆದರೆ ಕರೆಂಟಿಗಾಗಿ ಬೀದಿಗಿಳಿದ ಅದೇ ದೇಶದ ನೆಲದಡಿ, ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿಗೆ ಬೇಕಾದ ಗ್ರಾಫೈಟ್ ಇದೆ. ಅದು ಅಲ್ಲೇ ಯಾಕಿದೆ ಅಂತ ತಿಳಿಯಬೇಕಾದರೆ ಬಂಡೆಯ ವಯಸ್ಸು ಕೇಳಬೇಕು. ಕೇಳ್ತಾ ಹೋದರೆ ದಾರಿ ನೇರವಾಗಿ ಕರ್ನಾಟಕಕ್ಕೆ ಬರುತ್ತೆ.

ಮಡಗಾಸ್ಕರ್‌ನ ಪೂರ್ವದ ಮೂರನೇ ಎರಡು ಭಾಗದಷ್ಟು ನೆಲ ಬುನಾದಿ ಶಿಲೆ. ಅಂದರೆ ಪ್ರಾಣಿಗಳೂ ಇಲ್ಲದ ಕಾಲದ, ಪಳೆಯುಳಿಕೆ ನೋಡಿ ವಯಸ್ಸು ಹೇಳಲಾಗದ ಬಂಡೆ. ಇಲ್ಲಿ ನೆರವಿಗೆ ಬರೋದು ಜಿರ್ಕಾನ್ ಎಂಬ ಸಣ್ಣ ಹರಳು. ಅದು ರೂಪುಗೊಳ್ಳುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತೆ, ಸೀಸವನ್ನು ಹೆಚ್ಚುಕಮ್ಮಿ ಹೊರಗೇ ಇಡುತ್ತೆ. ಆಮೇಲೆ ಯುರೇನಿಯಂ ಕರಗಿ ಸೀಸವಾಗುತ್ತಾ ಹೋಗುತ್ತೆ. ಎರಡೂ ಎಷ್ಟಿವೆ ಅಂತ ಅಳೆದರೆ ಹರಳು ಹುಟ್ಟಿದ ಕಾಲ ಗೊತ್ತಾಗುತ್ತೆ. ಯುರೇನಿಯಂ-238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ ವರ್ಷ. ಒಂದೇ ಹರಳಿನಲ್ಲಿ ಎರಡು ಗಡಿಯಾರ. ಒಂದು ತಪ್ಪು ಹೇಳಿದರೆ ಇನ್ನೊಂದು ಹಿಡಿದುಕೊಡುತ್ತೆ. ಎಂಜಿನಿಯರಿಂಗ್ ಓದಿದವರು ಇದಕ್ಕಿಂತ ಚೆಂದದ ವ್ಯವಸ್ಥೆ ಕಂಡಿರಲಿಕ್ಕಿಲ್ಲ.

ಹೀಗೆ ಅಳೆದಾಗ ದ್ವೀಪದ ಈಶಾನ್ಯದ ಆಂಟೊಂಗಿಲ್ ಪ್ರದೇಶದಲ್ಲಿ 310 ಕೋಟಿ ವರ್ಷಕ್ಕೂ ಹಳೆಯ ನೈಸ್ ಶಿಲೆಗಳು, ಜೊತೆಗೆ ಸುಮಾರು 250 ಕೋಟಿ ವರ್ಷದ ಗ್ರಾನೈಟ್‌ಗಳು ಸಿಕ್ಕವು. ಈ ಎರಡು ಸಂಖ್ಯೆಗಳ ಜೋಡಿ ಇನ್ನೆಲ್ಲಿದೆ? ನಮ್ಮ ಧಾರವಾಡ ಶಿಲಾಪ್ರದೇಶದಲ್ಲಿ. ಹಾಸನ, ಗೊರೂರು ಕಡೆಯ ನೈಸ್‌ಗಳ ವಯಸ್ಸು 300 ಕೋಟಿ ದಾಟುತ್ತೆ. ರಾಮನಗರದ ಬೆಟ್ಟಗಳ ಗ್ರಾನೈಟ್‌ಗೆ ಸುಮಾರು 250 ಕೋಟಿ. ಆಂಟೊಂಗಿಲ್ ನಮ್ಮದೇ ನೆಲದ ಒಂದು ತುಂಡು ಅನ್ನೋ ಬಗ್ಗೆ ಭೂವಿಜ್ಞಾನಿಗಳಲ್ಲಿ ದೊಡ್ಡ ತಕರಾರಿಲ್ಲ.

ತಕರಾರು ಇರೋದು ದ್ವೀಪದ ಮಧ್ಯಭಾಗದ ಬಗ್ಗೆ. ಅಂಟನನರಿವೋ ಸುತ್ತಲಿನ ನೆಲ ಬೇರೆಯದೇ ಒಂದು ಪುಟ್ಟ ಖಂಡ, ನಡುವೆ ಸಮುದ್ರವಿತ್ತು, ಅದು ಮುಚ್ಚಿ ಎರಡೂ ಡಿಕ್ಕಿ ಹೊಡೆದದ್ದು ಸುಮಾರು 55 ಕೋಟಿ ವರ್ಷದ ಹಿಂದೆ ಎಂದು 2002ರಲ್ಲಿ ಅಲನ್ ಕಾಲಿನ್ಸ್ ಮತ್ತು ಬ್ರಯಾನ್ ವಿಂಡ್ಲಿ ವಾದಿಸಿದರು. ಹಾಗಲ್ಲ, 250 ಕೋಟಿ ವರ್ಷದ ಹಿಂದೆಯೇ ಅದು ಧಾರವಾಡದ ಜೊತೆ ಒಂದಾಗಿತ್ತು ಅಂತ ರಾಬರ್ಟ್ ಟಕರ್ ಮತ್ತು ಸಂಗಡಿಗರು 2011ರಲ್ಲಿ ಹೇಳಿದರು. ಡಿಕ್ಕಿ ಎಲ್ಲೇ ಆಗಿರಲಿ, 55 ಕೋಟಿ ವರ್ಷದ ಹಿಂದಿನ ಆ ಕಾಲದ ವಿಪರೀತ ಬಿಸಿ ಮತ್ತು ಒತ್ತಡ ದ್ವೀಪದ ಬಹುಭಾಗವನ್ನು ಬೇಯಿಸಿತು ಅನ್ನೋದು ಖಚಿತ. ಹಳೆಯ ಕೆಸರಿನಲ್ಲಿದ್ದ ಇಂಗಾಲ ಹಾಗೆ ಬೆಂದು ಗ್ರಾಫೈಟ್ ಆಯಿತು.

ಇಲ್ಲೇ ರಾಜಕೀಯ ಶುರು. ಈ ವಯಸ್ಸುಗಳಲ್ಲಿ ಬಹಳಷ್ಟು ಬಂದಿದ್ದು 2000ದ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನಲ್ಲಿ ನಡೆದ ಖನಿಜ ಆಡಳಿತ ಯೋಜನೆಯಿಂದ. ಬ್ರಿಟನ್, ಅಮೆರಿಕ, ಫ್ರಾನ್ಸ್‌ನ ಭೂವಿಜ್ಞಾನ ಸಂಸ್ಥೆಗಳು ದ್ವೀಪದ ನಕ್ಷೆಯನ್ನು ಹೊಸದಾಗಿ ಬರೆದವು. ಉದ್ದೇಶ ಗೊಂಡ್ವಾನದ ಚರಿತ್ರೆಯಲ್ಲ, ಗಣಿಗೆ ಹೂಡಿಕೆ ತರೋದು. ಚರಿತ್ರೆ ಪುಕ್ಕಟೆ ಸಿಕ್ಕಿತು. ಇದರಲ್ಲಿ ಪಾಪವೇನಿಲ್ಲ, ಆದರೆ ಒಂದನ್ನು ಮರೆಯಬಾರದು: ಬಂಡೆಗೆ ಬೆಲೆ ಕಟ್ಟೋಕೆ ದುಡ್ಡು ಹುಟ್ಟುತ್ತೆ, ಬಂಡೆ ಉಳಿಸೋಕೆ ಹುಟ್ಟೋದಿಲ್ಲ.

ಮ್ಯೂಸಿಯಂನಲ್ಲಿ ನಾಲ್ಕು ತುಂಡು ಇಟ್ಟರೆ ಸಾಲದೇ? ಸಾಲೋದಿಲ್ಲ. ಒಂದೇ ಹರಳಿನ ತಿರುಳಿಗೆ 250 ಕೋಟಿ, ಅಂಚಿಗೆ 55 ಕೋಟಿ ವಯಸ್ಸಿರಬಹುದು. ಯಾವುದು ಹುಟ್ಟು, ಯಾವುದು ಬೆಂದದ್ದು ಅಂತ ಹೇಳಲು ಬಂಡೆ ಇದ್ದ ಜಾಗ ನೋಡಬೇಕು: ಯಾವ ಶಿಲೆ ಯಾವುದನ್ನು ಸೀಳಿಕೊಂಡು ಹೋಗಿದೆ, ಪದರ ಯಾವ ಕಡೆ ಮಡಚಿದೆ. ಜಾಗ ಹೋದರೆ ಆ ಸಾಕ್ಷಿ ಹೋಯಿತು.

ಈಗ ಈಚೆ ದಡಕ್ಕೆ ಬನ್ನಿ. ಮಡಗಾಸ್ಕರ್ ಭಾರತದಿಂದ ಬೇರೆಯಾದದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ. ಆ ಬಿರುಕಿನ ಕಾಲದ ಜ್ವಾಲಾಮುಖಿ ಶಿಲೆಯೇ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳು. ಅದೂ, ಲಾಲ್‌ಬಾಗ್ ಬಂಡೆಯೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಫಲಕ ಇದೆ, ಆದರೆ ಇಂಥ ತಾಣಗಳ ರಕ್ಷಣೆಗೆ ಕೇಂದ್ರ ಗಣಿ ಸಚಿವಾಲಯ ಒಂದು ಕರಡು ಮಸೂದೆ ಹೊರಡಿಸಿದ್ದೇ 2022ರ ಡಿಸೆಂಬರ್‌ನಲ್ಲಿ. 2025ರಲ್ಲಿ ಬೆಂಗಳೂರಿನ ಸುರಂಗ ರಸ್ತೆಗೆ ಲಾಲ್‌ಬಾಗ್ ಜಾಗ ಕೊಡುವ ಪ್ರಸ್ತಾಪ ಬಂದಾಗ ಜನ ಎದ್ದು ಕೇಳಿದರು. ಅದು ಲಾಲ್‌ಬಾಗ್, ಕೇಳೋರು ಇದ್ದರು. ಫಲಕವಿಲ್ಲದ ಅದೇ ವಂಶದ ನೈಸ್ ಬಂಡೆ ಊರೂರಲ್ಲಿ ಕ್ರಷರ್‌ಗೆ ಹೋಗಿ ಜಲ್ಲಿ, ಎಂ-ಸ್ಯಾಂಡ್ ಆಗ್ತಿದೆ. ಮನೆ ಕಟ್ಟೋರಿಗೆ ಜಲ್ಲಿ ಬೇಕು, ಒಪ್ಪೋಣ. ಆದರೆ ಕ್ವಾರಿ ಪರವಾನಗಿ ಕೊಡುವ ಮುನ್ನ ಒಬ್ಬ ಭೂವಿಜ್ಞಾನಿ ಹೋಗಿ ಬಂಡೆ ನೋಡಿ, ಫೋಟೊ ತೆಗೆದು, ಮಾದರಿ ಎತ್ತಿಟ್ಟು, ತೀರಾ ಅಪರೂಪದ್ದಾದರೆ ಬೇಡ ಅನ್ನುವ ಅಧಿಕಾರ ಇಟ್ಟುಕೊಳ್ಳೋದು ದುಬಾರಿ ಕೆಲಸವೇನಲ್ಲ.

ಮಡಗಾಸ್ಕರ್‌ನ ಪಾಲು ಪತ್ರದ ಒಂದು ಪ್ರತಿ ಅಲ್ಲಿದೆ, ಇನ್ನೊಂದು ನಮ್ಮಲ್ಲಿದೆ. ಅಲ್ಲಿನ ತಕರಾರು ತೀರಬೇಕಾದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ನಮ್ಮ ಪ್ರತಿಯನ್ನು ನಾವು ಲೋಡ್ ಲೆಕ್ಕದಲ್ಲಿ ಮಾರ್ತಿದ್ದೇವೆ.