ಕಳೆ ಕೀಳುವ ಮುನ್ನ

ಮುಂಗಾರು ಮಳೆ ಎರಡು ಸಲ ಬಿದ್ದು ಹದಿನೈದು ದಿನ ಕಳೆಯಿತೆಂದರೆ ಹಿತ್ತಿಲು ತಾನಾಗಿಯೇ ಹಸಿರಾಗುತ್ತದೆ. ದಾಸವಾಳದ ಬುಡದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಯಾರೂ ಬಿತ್ತದ ಗಿಡಗಳು ತಲೆಯೆತ್ತುತ್ತವೆ. ಭಾನುವಾರ ಅಪ್ಪ ಮಗನ ಕೈಗೆ ಕುಡುಗೋಲು ಕೊಟ್ಟು ‘ಆ ಕಳೆಯನ್ನೆಲ್ಲ ತೆಗೆದುಹಾಕು’ ಎನ್ನುತ್ತಾರೆ. ಅರ್ಧ ಗಂಟೆಯಲ್ಲಿ ಹಿತ್ತಿಲು ಬೋಳು. ಸಂಕಟಪಡುವವರು ಮನೆಯಲ್ಲಿ ಒಬ್ಬರೇ, ಅಜ್ಜಿ. ಆ ರಾಶಿಯಲ್ಲಿ ಒಂದು ಹೊತ್ತಿನ ಮಸ್ಸೊಪ್ಪು, ಒಂದು ತಂಬುಳಿ ಇತ್ತೆಂಬುದು ಅವರಿಗಷ್ಟೇ ಗೊತ್ತು. ಹಳೇ ಮೈಸೂರು ಸೀಮೆಯ ಬೆರಕೆ ಸೊಪ್ಪಿನ ಸಾರು ಹುಟ್ಟಿದ್ದೇ ಹೀಗೆ, ಬದುವಿನಲ್ಲಿ ಬೆಳೆದದ್ದನ್ನು ಮಡಿಲಿಗೆ ಆಯ್ದು ತಂದು.

ಗೋಣಿ ಸೊಪ್ಪನ್ನೇ ತೆಗೆದುಕೊಳ್ಳಿ. ನೆಲಕ್ಕೆ ಒರಗಿ ಹಬ್ಬುವ ನುಣುಪಾದ ಕೆಂಪು ದಂಟು, ಪುಟ್ಟ ಚಮಚದಂಥ ದಪ್ಪ ಎಲೆ, ಬಿಸಿಲೇರಿದಾಗ ಕೆಲವೇ ಗಂಟೆ ಅರಳುವ ಹಳದಿ ಹೂ. ಇದರ ಶಾಸ್ತ್ರೀಯ ಹೆಸರು ಪೋರ್ಚುಲಾಕಾ ಒಲೆರೇಸಿಯ. ಕುಂಡದಲ್ಲಿ ಬಣ್ಣಬಣ್ಣದ ಹೂ ಬಿಡುವ ಟೇಬಲ್ ರೋಸ್ ಇದರ ಸೋದರಿ. ಸೋದರಿಯನ್ನು ನರ್ಸರಿಯಿಂದ ದುಡ್ಡು ಕೊಟ್ಟು ತಂದು, ಇದನ್ನು ಕಿತ್ತು ತಿಪ್ಪೆಗೆ ಎಸೆಯುವುದು ವಿಚಿತ್ರ! ಸೊಪ್ಪುಗಳಲ್ಲಿ ಸಾಮಾನ್ಯವಾಗಿ ಕಡಿಮೆಯಿರುವ ಒಮೆಗಾ-3 ಜಾತಿಯ ಕೊಬ್ಬಿನಾಮ್ಲ ಇದರಲ್ಲಿ ಚೆನ್ನಾಗಿಯೇ ಇದೆ.

ಈ ಸೊಪ್ಪಿಗೆ ಒಂದು ಗುಟ್ಟಿದೆ. ಮಳೆ ಕೈಕೊಟ್ಟು ನೆಲ ಒಣಗಿದ ದಿನಗಳಲ್ಲಿ ಮುಂಜಾನೆ ಕಿತ್ತ ಎಲೆ ಹುಳಿ. ಅದೇ ಗಿಡದಿಂದ ಸಂಜೆ ಕಿತ್ತದ್ದು ಸಪ್ಪೆ. ಕಾರಣ ಎಲೆಯ ಪತ್ರರಂಧ್ರಗಳಲ್ಲಿದೆ. ಹೆಚ್ಚಿನ ಗಿಡಗಳು ಹಗಲಿನಲ್ಲಿ ಈ ರಂಧ್ರಗಳನ್ನು ತೆರೆದು ಇಂಗಾಲದ ಡೈ ಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ಬಾಗಿಲು ತೆರೆದಾಗ ನೀರೂ ಆವಿಯಾಗಿ ಹೊರಹೋಗುತ್ತದೆ. ನೀರಿಗೆ ಬರ ಬಂದಾಗ ಗೋಣಿ ಸೊಪ್ಪು ಜಾಣತನ ಮಾಡುತ್ತದೆ. ತಂಪಾದ ರಾತ್ರಿಯಲ್ಲಿ ಬಾಗಿಲು ತೆರೆದು, ಸಿಕ್ಕ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಡುತ್ತದೆ. ಹುಳಿ ಸೇಬಿನಲ್ಲಿರುವುದೂ ಇದೇ ಆಮ್ಲ. ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡು, ಕೂಡಿಟ್ಟದ್ದನ್ನು ಬಿಸಿಲಿನ ನೆರವಿನಿಂದ ಸಕ್ಕರೆಯಾಗಿಸುತ್ತದೆ. ಸಂಜೆಗೆ ಹುಳಿ ಖರ್ಚಾಗಿರುತ್ತದೆ. ಕಳ್ಳಿ, ಅನಾನಸುಗಳೂ ಈ ದಾರಿ ಹಿಡಿದವುಗಳೇ. ಆದರೆ ಗೋಣಿ ಸೊಪ್ಪಿನಲ್ಲಿ ಜೋಳ, ಕಬ್ಬುಗಳು ಅನುಸರಿಸುವ ಇನ್ನೊಂದು ದಾರಿಯೂ ಇದೆ. ಈ ಎರಡೂ ಒಂದೇ ಜೀವಕೋಶಗಳೊಳಗೆ ಬೆಸೆದುಕೊಂಡು ನಡೆಯುತ್ತವೆ ಎಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2022ರಲ್ಲಿ ತೋರಿಸಿದರು.

ಹೈಸ್ಕೂಲಿನ ಮಕ್ಕಳು ಇದನ್ನು ಪರೀಕ್ಷಿಸಬಹುದು. ಕುಂಡದ ಗಿಡಕ್ಕೆ ಒಂದು ವಾರ ನೀರು ನಿಲ್ಲಿಸಿ, ಬೆಳಿಗ್ಗೆ ಆರಕ್ಕೂ ಸಂಜೆ ಐದಕ್ಕೂ ಒಂದೇ ತೂಕದ ಎಲೆ ಅರೆದು ಸೋಸಿ, ಶಾಲೆಯ ಪ್ರಯೋಗಾಲಯದಲ್ಲಿ ಫಿನಾಲ್ಫ್ತಲೀನ್ ಹಾಕಿ, ಗುಲಾಬಿ ಬಣ್ಣ ಬರಲು ಎಷ್ಟು ಹನಿ ಕ್ಷಾರ ಬೇಕಾಯಿತೆಂದು ಎಣಿಸಬೇಕು. ಬೆಳಗಿನ ರಸ ಸಂಜೆಗೆ ಬಣ್ಣಗೆಡದಂತೆ ಆಗಲೇ ಪರೀಕ್ಷಿಸಿ ಮುಗಿಸಬೇಕು, ಅಷ್ಟೆ.

ಇದರ ಜೊತೆಯಲ್ಲೇ ನೆಲಕ್ಕಂಟಿ ಹಬ್ಬುವ, ದೂರಕ್ಕೆ ಇದರಂತೆಯೇ ಕಾಣುವ ಹಾಲುಗಿಡಗಳಿವೆ. ದಂಟು ಮುರಿದಾಗ ಬಿಳಿ ಹಾಲು ಒಸರಿದರೆ ಅದು ಗೋಣಿ ಸೊಪ್ಪಲ್ಲ, ಬಾಯಿಗಿಡಬಾರದು. ಇನ್ನು ಗೋಣಿ ಸೊಪ್ಪಿನಲ್ಲೂ, ಹೃದಯದಾಕಾರದ ಮೂರು ಎಲೆಗಳ ಹುಳಿಸೊಪ್ಪಿನಲ್ಲೂ ಆಕ್ಸಾಲಿಕ್ ಆಮ್ಲ ಧಾರಾಳ. ಹುಳಿಸೊಪ್ಪಿನಿಂದ ತಾಮ್ರದ ಚೊಂಬು ತಿಕ್ಕಿದರೆ ಹುಣಸೆಹಣ್ಣಿನಷ್ಟೇ ಚೆನ್ನಾಗಿ ಹೊಳೆಯುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾದವರು ಇವುಗಳಿಂದ ದೂರವಿರುವುದೇ ಲೇಸು. ಮಿಕ್ಕವರು ಬೇಯಿಸಿದ ನೀರು ಬಸಿದು, ಮೊಸರಿನೊಡನೆ ಉಣ್ಣಬಹುದು. ಮೊಸರಿನ ಕ್ಯಾಲ್ಸಿಯಂ ಆ ಆಮ್ಲವನ್ನು ಹೊಟ್ಟೆಯಲ್ಲೇ ಹಿಡಿದುಹಾಕುತ್ತದೆ.

ಕಾಕಿ ಗಿಡ ಎಲ್ಲರಿಗೂ ಪರಿಚಿತ. ಬದನೆ, ಟೊಮ್ಯಾಟೊ ಕುಟುಂಬದ್ದು. ಬಾಯಿಹುಣ್ಣಿಗೆ ಇದರ ಸೊಪ್ಪಿನ ಪಲ್ಯ ಮಾಡಿಕೊಡುವ ರೂಢಿ ಇದೆ. ಕಪ್ಪಗೆ ಹಣ್ಣಾದದ್ದನ್ನು ಮಕ್ಕಳು ತಿನ್ನುತ್ತಾರೆ. ಹಸಿರು ಕಾಯಿ ಮಾತ್ರ ವಿಷ. ಅದರಲ್ಲಿರುವ ಸೊಲಾನಿನ್, ಬೇಯಿಸಿದರೂ ಹೋಗುವುದಿಲ್ಲ.

ಇನ್ನು ನೆಲನೆಲ್ಲಿ. ಗೇಣುದ್ದದ ಗಿಡ, ಎಲೆಯ ಸಾಲಿನ ಅಡಿಯಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಕಾಯಿಗಳು ತೂಗುತ್ತವೆ. ಕಾಮಾಲೆ ಎಂದೊಡನೆ ಮನೆಯವರು ಹುಡುಕುವುದು ಇದನ್ನೇ. ಬುಡಸಮೇತ ಕಿತ್ತು ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕುಡಿಸುತ್ತಾರೆ. ಇದು ಬರೀ ಅಜ್ಜಿಕಥೆಯೆಂದು ವಿಜ್ಞಾನ ತಳ್ಳಿಹಾಕಲಿಲ್ಲ. ಹೆಪಟೈಟಿಸ್-ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಬರೂಕ್ ಬ್ಲೂಂಬರ್ಗ್ ಅವರೇ ಇದರ ಬಗ್ಗೆ ಆಸಕ್ತಿ ತಳೆದರು. 1988ರಲ್ಲಿ ಮದರಾಸಿನ ವೈದ್ಯರು ಅವರೊಡಗೂಡಿ ನಡೆಸಿದ ಪ್ರಯೋಗ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ತಿಂಗಳು ನೆಲನೆಲ್ಲಿ ಪುಡಿ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು. ಔಷಧಿಯಿಲ್ಲದ ಬರೀ ಕ್ಯಾಪ್ಸೂಲು ನುಂಗಿದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ. ದೊಡ್ಡ ಸುದ್ದಿಯೇ ಆಯಿತು. ಆದರೆ ಥಾಯ್ಲೆಂಡ್ ಮೊದಲಾದ ಕಡೆ ಮತ್ತೆ ಪರೀಕ್ಷಿಸಿದಾಗ ಅಂಥ ಫಲ ದೊರೆಯಲಿಲ್ಲ. ಗಿಡ ಬೇರೆ ಜಾತಿಯದಿರಬಹುದೇ ಎಂಬ ವಾದವೂ ನಡೆಯಿತು. ಅದು ಸುಳ್ಳೇನಲ್ಲ. ನೆಲನೆಲ್ಲಿಯೆಂದು ಜನ ಕೀಳುವ ಗಿಡಗಳಲ್ಲಿ ಕಾಂಡ ಕೆಂಪಾಗಿ, ಕಾಯಿ ದೊರಗಾಗಿರುವ ಇನ್ನೊಂದು ಜಾತಿಯೂ ಸೇರಿರುತ್ತದೆ.

ಹಾಗಾದರೆ ಊರಿನಲ್ಲಿ ನೆಲನೆಲ್ಲಿ ಕುಡಿದು ಇಷ್ಟೊಂದು ಜನ ವಾಸಿಯಾದರಲ್ಲ? ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್-ಎ ಕಾಮಾಲೆ, ಮಕ್ಕಳಲ್ಲಿ ಹೆಚ್ಚಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕುಡಿದವರಿಗೂ, ಕುಡಿಯದವರಿಗೂ. ಕೀರ್ತಿ ಗಿಡಕ್ಕೆ ಸಲ್ಲುತ್ತದೆ. ಅದರಿಂದ ನಷ್ಟವೇನೂ ಇಲ್ಲ, ಕಾಯಿಲೆ ಅದೇ ಆಗಿದ್ದರೆ. ಆದರೆ ಕಣ್ಣು ಹಳದಿಯಾಗುವುದು ರೋಗವಲ್ಲ, ರೋಗದ ಗುರುತು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೂ, ರಕ್ತಕಣಗಳು ಒಡೆಯುತ್ತಿದ್ದರೂ, ಇಲಿಜ್ವರವಾಗಿದ್ದರೂ ಕಣ್ಣು ಹಳದಿಯೇ. ಮಗು ಮಂಕಾಗಿ, ನಿದ್ದೆಯ ವೇಳೆ ಏರುಪೇರಾಗಿ ತಡವರಿಸಿ ಮಾತಾಡತೊಡಗಿದರೆ ಯಕೃತ್ತು ಸೋಲುತ್ತಿದೆಯೆಂದೇ ಅರ್ಥ. ಅಂಥ ಮಗುವಿಗೆ ಇನ್ನೆರಡು ದಿನ ಮದ್ದು ಕುಡಿಸಿ ನೋಡೋಣ ಎಂದು ಕೂತ ಮನೆಗಳಲ್ಲಿ ಆ ಎರಡು ದಿನಗಳೇ ತಿರುಗಿ ಬಾರದವು. ಮೊದಲು ರಕ್ತ ಪರೀಕ್ಷೆ. ಮನೆಮದ್ದಿನ ವಿಷಯವನ್ನು ವೈದ್ಯರಿಂದ ಮುಚ್ಚಿಡುವುದೂ ಬೇಡ.

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಗಿಡದ ಪರವಾಗಿ ಬಳಸುವವರೇ ಹೆಚ್ಚು. ಕೆಲವು ಸಲ ಅದನ್ನು ಇದ್ದಂತೆಯೇ ಓದಬೇಕಾಗುತ್ತದೆ.

ಚರಂಡಿಯ ಅಂಚಿನದು, ಕಳೆನಾಶಕ ಸಿಂಪಡಿಸಿದ ಜಾಗದ್ದು ಎಷ್ಟು ಸೊಂಪಾಗಿದ್ದರೂ ಬೇಡ. ನಲ್ಲಿಯ ಬಳಿ ಶುದ್ಧ ನೀರು ಜಿನುಗುವಲ್ಲಿ ಒಂದೆಲಗ ಹಬ್ಬಿದ್ದರೆ ಅದನ್ನು ಹುಡುಕಿಕೊಂಡು ಹೋಗಿ. ತುಳುನಾಡಿನ ತಿಮರೆ ಇದೇ. ಬೇರಿನ ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆದು, ಒಂದು ಹಿಡಿ ಎಲೆಯನ್ನು ತುಪ್ಪದಲ್ಲಿ ಜೀರಿಗೆ, ನಾಲ್ಕು ಮೆಣಸಿನ ಕಾಳಿನ ಜೊತೆ ಬಾಡಿಸಿ, ತೆಂಗಿನತುರಿ ಸೇರಿಸಿ ನುಣ್ಣಗೆ ಅರೆದು, ಕಡೆದ ಮಜ್ಜಿಗೆ ಬೆರೆಸಿ ಉಪ್ಪು ಹಾಕಿದರೆ ತಂಬುಳಿ. ನೆನಪಿನ ಶಕ್ತಿ ಹೆಚ್ಚುತ್ತದೆಂದು ಪರೀಕ್ಷೆಯ ಮುಂಚಿನ ವಾರವಷ್ಟೇ ಮಾಡಬೇಕಾಗಿಲ್ಲ. ಬಿಸಿ ಅನ್ನಕ್ಕೆ ಅದು ವರ್ಷವಿಡೀ ರುಚಿ.