‘ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿದೆ’ ಎಂಬ ಸೊಕ್ಕು



ಸಾಫ್ಟ್‌ವೇರ್ ಬರೆಯುವವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧ: ‘ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಓಡುತ್ತಿದೆಯಲ್ಲ!’ ಅಲ್ಲಿಗೆ ದೂರು ಕೊಟ್ಟವನೇ ದಡ್ಡ. ಹಲವು ಥ್ರೆಡ್‌ಗಳು ಒಟ್ಟಿಗೆ ಓಡುವ ಪ್ರೋಗ್ರಾಮಿನಲ್ಲಿ ಈ ಮಾತು ಬರೀ ಸೋಮಾರಿತನವಲ್ಲ, ಅಪರಾಧ.

ಯಾಕೆ? ಅಡುಗೆಮನೆಗೆ ಬನ್ನಿ. ಅತ್ತೆ ಸಾರಿನ ರುಚಿ ನೋಡಿದರು, ಉಪ್ಪಿಲ್ಲ. ಡಬ್ಬ ತರಲು ತಿರುಗಿದರು. ಅಷ್ಟರಲ್ಲಿ ಸೊಸೆಯೂ ರುಚಿ ನೋಡಿದಳು, ಉಪ್ಪಿಲ್ಲ. ಇಬ್ಬರೂ ಹಾಕಿದರು. ಇಬ್ಬರದೂ ತಪ್ಪಿಲ್ಲ, ಸಾರು ಮಾತ್ರ ಕೆಟ್ಟಿತು! ಸೊಸೆ ಒಂದು ನಿಮಿಷ ತಡವಾಗಿ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಇದಕ್ಕೇ ರೇಸ್ ಕಂಡಿಷನ್ ಎನ್ನುವುದು. ನೂರು ದಿನ ಚೆನ್ನಾಗಿದ್ದ ಸಾರು ನೂರಾ ಒಂದನೇ ದಿನ ಕೆಡುತ್ತದೆ.

ಕೆಟ್ಟ ಸಾರನ್ನು ಚೆಲ್ಲಬಹುದು. ರೋಗಿಯ ಮೈಮೇಲೆ ಬಿದ್ದ ವಿಕಿರಣವನ್ನು? ಕೆನಡಾದ ಸರ್ಕಾರಿ ಕಂಪನಿ ಎಇಸಿಎಲ್ ತಯಾರಿಸಿದ ಕ್ಯಾನ್ಸರ್ ಚಿಕಿತ್ಸಾ ಯಂತ್ರ ಥೆರಾಕ್-25, 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ಮಂದಿಗೆ ಮಿತಿಮೀರಿದ ವಿಕಿರಣ ಹೊಡೆಯಿತು. ಕನಿಷ್ಠ ಮೂವರು ಸತ್ತರು. ಅದರೊಳಗಿದ್ದದ್ದು ಇಂದಿನ ಥ್ರೆಡ್‌ಗಳಲ್ಲ, ಒಂದೇ ಮೆಮೊರಿಯನ್ನು ಹಂಚಿಕೊಂಡು ಓಡುವ ಟಾಸ್ಕ್‌ಗಳು. ಆದರೆ ರೋಗ ಅದೇ.

1986ರ ಮಾರ್ಚ್. ಟೆಕ್ಸಾಸಿನ ಟೈಲರ್ ಊರು. ಆಪರೇಟರ್ ಕೈತಪ್ಪಿ ‘ಎಕ್ಸ್’ ಒತ್ತಿ, ತಕ್ಷಣ ‘ಇ’ ಎಂದು ತಿದ್ದಿದರು. ಯಂತ್ರದ ಅಯಸ್ಕಾಂತಗಳು ಹೊಂದಿಕೊಳ್ಳಲು ಸುಮಾರು 8 ಸೆಕೆಂಡು ಬೇಕು. ಅಷ್ಟರೊಳಗೆ ಮಾಡಿದ ತಿದ್ದುಪಡಿ ಪ್ರೋಗ್ರಾಮಿನ ಒಂದು ಭಾಗಕ್ಕೆ ತಿಳಿಯಿತು, ಇನ್ನೊಂದಕ್ಕೆ ತಿಳಿಯಲಿಲ್ಲ. ಪರದೆಯ ಮೇಲೆ ಬಂದದ್ದು ‘ಮಾಲ್‌ಫಂಕ್ಷನ್ 54’ ಅಷ್ಟೇ. ಕಂಪನಿಯ ಇಂಜಿನಿಯರುಗಳು ಬಂದು ಪರೀಕ್ಷಿಸಿದರು. ದೋಷ ಮರುಕಳಿಸಲಿಲ್ಲ. ಯಂತ್ರ ಮತ್ತೆ ಕೆಲಸಕ್ಕಿಳಿಯಿತು. ಏಪ್ರಿಲ್ 11ಕ್ಕೆ ಇನ್ನೊಬ್ಬ ರೋಗಿ ಬಲಿ!

ಕೊನೆಗೆ ಗುಟ್ಟು ಹಿಡಿದವರು ಯಾರು? ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಅದೇ ಆಪರೇಟರ್. ಮತ್ತೆ ಮತ್ತೆ ಟೈಪ್ ಮಾಡಿ ನೋಡಿದರು. ಬೆರಳು ವೇಗವಾಗಿ ಓಡಿದಾಗ ಮಾತ್ರ ತಪ್ಪು ಕಾಣಿಸುತ್ತಿತ್ತು! ಹಳೆಯ ಥೆರಾಕ್-20ರಲ್ಲೂ ಇದೇ ದೋಷವಿತ್ತು. ಅಲ್ಲಿ ಪ್ರತ್ಯೇಕ ರಕ್ಷಣಾ ಸರ್ಕೀಟುಗಳಿದ್ದವು, ಫ್ಯೂಸ್ ಹೋಗುತ್ತಿತ್ತು, ಜೀವ ಉಳಿಯುತ್ತಿತ್ತು. ಹೊಸದರಲ್ಲಿ ಸಾಫ್ಟ್‌ವೇರನ್ನೇ ನಂಬಿ ಅವನ್ನು ಕಿತ್ತುಹಾಕಿದ್ದರು.

ಆದ್ದರಿಂದ ಡಿಬಗರ್ ಹಾಕಿ ಒಂದೊಂದೇ ಸಾಲು ನಡೆಸಿ ‘ತಪ್ಪಿಲ್ಲ’ ಎನ್ನಬೇಡಿ. ನೀವು ನಿಲ್ಲಿಸಿದ ಕ್ಷಣವೇ ಥ್ರೆಡ್‌ಗಳ ವೇಳೆ ಬದಲಾಗುತ್ತದೆ, ಕಳ್ಳ ಅಡಗುತ್ತಾನೆ. ಯಾವ ಡೇಟಾವನ್ನು ಯಾವ ಥ್ರೆಡ್‌ಗಳು ಮುಟ್ಟುತ್ತವೆ, ಯಾವ ಲಾಕ್ ಅದನ್ನು ಕಾಯುತ್ತದೆ, ಪಟ್ಟಿ ಮಾಡಿ. ಬೇಕೆಂದೇ ನಡುನಡುವೆ ವಿಳಂಬ ತುರುಕಿ ಓಡಿಸಿ. ಥ್ರೆಡ್‌ಸ್ಯಾನಿಟೈಸರ್, ಹೆಲ್‌ಗ್ರೈಂಡ್‌ನಂಥ ಉಚಿತ ಸಾಧನಗಳಿವೆ, ಬಳಸಿ.

ನಾಳೆ ನಿಮ್ಮ ಮೇಜಿಗೂ ಒಂದು ದೂರು ಬರುತ್ತದೆ: ‘ಅಪರೂಪಕ್ಕೊಮ್ಮೆ ಹೀಗಾಗುತ್ತೆ, ಯಾಕೋ ಗೊತ್ತಿಲ್ಲ.’ ನಕ್ಕು ತಳ್ಳಿಹಾಕಬೇಡಿ. ಎದ್ದು ಹೋಗಿ, ದೂರು ಕೊಟ್ಟವರ ಪಕ್ಕದಲ್ಲಿ ಕೂತು, ಅವರ ಬೆರಳು ಹೇಗೆ ಓಡುತ್ತದೆ ನೋಡಿ!